ಗುಂಡಿ ಒತ್ತಿದ ಮೇಲೆ: ವೆಬ್ ಫ್ರೇಮ್‌ವರ್ಕ್ ಕೋರಿಕೆಯನ್ನು ನಿಭಾಯಿಸುವ ಬಗೆ

ಗ್ರಂಥಾಲಯವೊಂದರ ಜಾಲತಾಣದಲ್ಲಿ ಸದಸ್ಯರೊಬ್ಬರು ಲಾಗಿನ್ ಆಗಿ, ತಾವು ಎರವಲು ಪಡೆದ ಪುಸ್ತಕದ ಎದುರಿಗಿರುವ ‘ಅವಧಿ ವಿಸ್ತರಿಸಿ’ ಎಂಬ ಗುಂಡಿಯನ್ನು ಒತ್ತುತ್ತಾರೆ ಎಂದುಕೊಳ್ಳೋಣ. ಕ್ಷಣಾರ್ಧದಲ್ಲಿ ಪುಟ ಬದಲಾಗಿ, ಹೊಸ ಗಡುವಿನ ಜೊತೆಗೆ ‘ಅವಧಿ ವಿಸ್ತರಿಸಲಾಗಿದೆ’ ಎಂಬ ಸೂಚನೆ ಕಾಣಿಸುತ್ತದೆ. ನೋಡುವವರ ಪಾಲಿಗೆ ಇದು ಒಂದೇ ಘಟನೆ. ಆದರೆ ಯಾರೋ ಗುಂಡಿ ಒತ್ತಿದರೆಂಬುದು ಸರ್ವರ್‌ಗೆ ಎಂದೂ ಕಾಣುವುದಿಲ್ಲ. ಅದರ ಬಳಿಗೆ ಬಂದು ಸೇರುವುದು ಕೆಲವೇ ಸಾಲುಗಳ ಪಠ್ಯ. ಅದನ್ನು ಕಳಿಸಿದವರು ಯಾರು, ಅವರು ಸ್ವಲ್ಪ ಹೊತ್ತಿನ ಹಿಂದೆ ಲಾಗಿನ್ ಆಗಿದ್ದವರೇ ಹೌದೇ, ಈ ಪುಸ್ತಕದ ಅವಧಿಯನ್ನು ವಿಸ್ತರಿಸುವ ಹಕ್ಕು ಅವರಿಗಿದೆಯೇ, ಅವರು ತಿಳಿದೇ ಈ ಕೋರಿಕೆಯನ್ನು ಕಳಿಸಿದರೇ ಎಂಬ ಪ್ರಶ್ನೆಗಳಿಗೆಲ್ಲ ಆ ಪಠ್ಯದಿಂದಲೂ ತನ್ನಲ್ಲಿರುವ ದಾಖಲೆಗಳಿಂದಲೂ ಸರ್ವರ್ ಉತ್ತರ ಕಂಡುಕೊಳ್ಳಬೇಕು. ವೆಬ್ ಫ್ರೇಮ್‌ವರ್ಕ್ ಎಂಬ ತಂತ್ರಾಂಶದ ಬಹುಪಾಲು ದುಡಿಮೆ ಇದೇ. ಬಂದ ಪಠ್ಯದಲ್ಲಿ ಬರಿಯ ಹೇಳಿಕೆ ಯಾವುದು, ತಾಳೆ ನೋಡಿ ಒಪ್ಪಬಹುದಾದ ಸಂಗತಿ ಯಾವುದು ಎಂಬ ಒಂದೇ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೊರಟರೆ ಫ್ರೇಮ್‌ವರ್ಕಿನ ಒಳಗಿನ ವ್ಯವಸ್ಥೆಗಳು ಏಕೆ ಹಾಗಿವೆ ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಇಷ್ಟು ಕಸರತ್ತು ಬೇಕಾಗಿರುವುದಕ್ಕೆ ಬ್ರೌಸರ್ ಮತ್ತು ಸರ್ವರ್ ಪರಸ್ಪರ ಮಾತಾಡುವ ನಿಯಮಾವಳಿಯಾದ ಎಚ್‌ಟಿಟಿಪಿ ಹುಟ್ಟಿದ ಬಗೆಯೇ ಕಾರಣ. ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1991ರಲ್ಲಿ ದಾಖಲಿಸಿದ ಅದರ ಮೊದಲ ರೂಪದಲ್ಲಿ ಕೋರಿಕೆಯೆಂದರೆ ಒಂದೇ ಸಾಲು: ‘ಗೆಟ್’ ಎಂಬ ಪದ, ಅದರ ಮುಂದೆ ಪುಟದ ವಿಳಾಸ. ಸರ್ವರ್ ಆ ಪುಟವನ್ನು ಕಳಿಸಿ ಸಂಪರ್ಕವನ್ನು ಕಡಿದುಕೊಳ್ಳುತ್ತಿತ್ತು. ಕೇಳಿದವರು ಯಾರು, ಹಿಂದೆ ಏನು ಕೇಳಿದ್ದರು ಎಂಬುದನ್ನು ನೆನಪಿಡುವ ಏರ್ಪಾಡೇ ಅದರಲ್ಲಿ ಇರಲಿಲ್ಲ. ಸಂಶೋಧನಾ ದಾಖಲೆಗಳನ್ನು ಓದಲು ಅದು ಬೇಕಾಗಿಯೂ ಇರಲಿಲ್ಲ. 1996ರ 1.0 ಆವೃತ್ತಿಯಲ್ಲಿ ಹೆಡರ್‌ಗಳು ಎಂಬ ವಿವರದ ಸಾಲುಗಳು, ಕೋರಿಕೆ ಏನಾಯಿತೆಂದು ಹೇಳುವ ಸ್ಥಿತಿಸಂಖ್ಯೆಗಳು ಮತ್ತು ದತ್ತಾಂಶ ಕಳಿಸುವ ‘ಪೋಸ್ಟ್’ ವಿಧಾನ ಸೇರಿದವು, 1997ರ 1.1 ಆವೃತ್ತಿ ಒಂದೇ ಸಂಪರ್ಕದಲ್ಲಿ ಹಲವು ಕೋರಿಕೆಗಳನ್ನು ಕಳಿಸುವುದನ್ನು ವಾಡಿಕೆಯಾಗಿಸಿತು. 2015ರಲ್ಲಿ ಎರಡನೆಯ, 2022ರಲ್ಲಿ ಮೂರನೆಯ ಆವೃತ್ತಿ ಬಂದು ವೇಗ ಹೆಚ್ಚಿಸಿದವು. ಇಷ್ಟೆಲ್ಲ ಆದರೂ ಮೂಲ ಗುಣ ಬದಲಾಗಿಲ್ಲ. ಪ್ರತಿ ಕೋರಿಕೆಯೂ ತನ್ನಷ್ಟಕ್ಕೆ ಪೂರ್ಣ, ಹಿಂದಿನದರ ನೆನಪಿಲ್ಲದೆಯೇ ಅರ್ಥವಾಗಬೇಕಾದದ್ದು.

ಪುಟಗಳನ್ನು ಪ್ರೋಗ್ರಾಮಿನಿಂದ ತಯಾರಿಸುವ ಮೊದಲ ವ್ಯಾಪಕ ಪದ್ಧತಿಯಾದ ಸಿಜಿಐ 1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಸಂಶೋಧನಾ ಕೇಂದ್ರದ ವೆಬ್ ಸರ್ವರ್‌ನ ಜೊತೆಗೆ ಬಂತು. ಅದರಲ್ಲಿ ಪ್ರತಿ ಕೋರಿಕೆಗೂ ಒಂದು ಪ್ರೋಗ್ರಾಂ ಹೊಸದಾಗಿ ಶುರುವಾಗಿ, ಉತ್ತರ ಬರೆದು, ಮುಗಿದುಹೋಗುತ್ತಿತ್ತು. ಫಾರ್ಮಿನ ಅಕ್ಷರಗಳನ್ನು ಬಿಡಿಸಿಕೊಳ್ಳುವುದು, ಕುಕಿ (ಬ್ರೌಸರ್ ಇಟ್ಟುಕೊಂಡು ಮರಳಿ ಒಪ್ಪಿಸುವ ಚಿಕ್ಕ ಪಠ್ಯ) ಓದುವುದು, ದೋಷ ಬಂದರೆ ಸರಿಯಾದ ಸ್ಥಿತಿಸಂಖ್ಯೆ ಕೊಡುವುದು ಮುಂತಾದ ಕೆಲಸಗಳನ್ನು ಪ್ರತಿಯೊಬ್ಬರೂ ತಾವೇ ಬರೆಯಬೇಕಿತ್ತು, ಮತ್ತು ಬಹುಮಂದಿ ತಪ್ಪಾಗಿ ಬರೆಯುತ್ತಿದ್ದರು. ಈ ಮರುದುಡಿಮೆಯನ್ನು ಒಂದೆಡೆ ಕಟ್ಟಿಟ್ಟದ್ದೇ ಫ್ರೇಮ್‌ವರ್ಕ್. ರೂಬಿಯ ರೈಲ್ಸ್ 2004ರಲ್ಲಿ, ಪೈಥಾನಿನ ಜಾಂಗೊ 2005ರಲ್ಲಿ, ಫ್ಲಾಸ್ಕ್ ಮತ್ತು ಎಕ್ಸ್‌ಪ್ರೆಸ್ 2010ರಲ್ಲಿ, ಪಿಎಚ್‌ಪಿಯ ಲಾರಾವೆಲ್ 2011ರಲ್ಲಿ ಬಂದವು. ಹೆಸರು, ಭಾಷೆ ಬೇರೆಯಾದರೂ ಇವುಗಳ ಒಳಗಿನ ಕ್ರಮ ಬಹುಮಟ್ಟಿಗೆ ಒಂದೇ. ಮುಂದಿನ ವಿವರಣೆಯಲ್ಲಿ ಹೆಚ್ಚಾಗಿ ಜಾಂಗೊವನ್ನು ಎದುರಿಗಿಟ್ಟುಕೊಂಡಿದ್ದೇನೆ. ಬೇರೆಯವು ಭಿನ್ನವಾಗುವಲ್ಲಿ ಅದನ್ನೂ ಹೇಳಿದ್ದೇನೆ.

ಕೋರಿಕೆ ಹಾದುಬರುವ ದಾರಿ

ಗ್ರಂಥಾಲಯದ ಸದಸ್ಯರ ಬ್ರೌಸರ್ ಕಳಿಸಿದ ಪಠ್ಯವನ್ನು ಬಿಚ್ಚಿ ನೋಡಿದರೆ ಮೊದಲ ಸಾಲಿನಲ್ಲಿ ‘ಪೋಸ್ಟ್’ ಎಂಬ ವಿಧಾನದ ಹೆಸರು, ‘/ಎರವಲು/815/ವಿಸ್ತರಣೆ’ ಎಂಬಂಥ ಮಾರ್ಗ ಮತ್ತು ಎಚ್‌ಟಿಟಿಪಿಯ ಆವೃತ್ತಿ ಇರುತ್ತವೆ. ಅದರ ಕೆಳಗೆ ಹೆಡರ್‌ಗಳು ಸಾಲಿಗೊಂದರಂತೆ ಬರುತ್ತವೆ: ಯಾವ ತಾಣಕ್ಕೆ ಈ ಕೋರಿಕೆ ಎಂದು ಹೇಳುವ ಹೋಸ್ಟ್, ಒಡಲಿನಲ್ಲಿರುವುದು ಯಾವ ಬಗೆಯ ದತ್ತಾಂಶ ಎಂದು ಹೇಳುವ ಕಂಟೆಂಟ್-ಟೈಪ್, ಯಾವ ತಾಣದ ಪುಟದಿಂದ ಕೋರಿಕೆ ಹೊರಟಿತೆಂದು ಹೇಳುವ ಒರಿಜಿನ್, ಮತ್ತು ಕುಕಿ. ನಂತರ ಒಂದು ಖಾಲಿ ಸಾಲು. ಅದಾದ ಮೇಲೆ ಒಡಲು. ಇಲ್ಲಿ ಅದರಲ್ಲಿರುವುದು ಎರಡು ಸಂಗತಿ, ಒಂದು ಗುಪ್ತ ಟೋಕನ್ (ಫಾರ್ಮಿನೊಡನೆ ಸರ್ವರ್ ಕಳಿಸಿದ್ದ ಗುರುತು) ಮತ್ತು ಪುಟದಲ್ಲಿ ತೋರಿಸಿದ್ದ ಹಳೆಯ ಗಡುವಿನ ದಿನಾಂಕ. ಸದಸ್ಯರ ಹೆಸರು ಇದರಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಬೇಕು. ಇದ್ದಿದ್ದರೂ ನಂಬುವಂತಿರಲಿಲ್ಲ, ಏಕೆಂದರೆ ಈ ಪಠ್ಯವನ್ನು ಬ್ರೌಸರ್ ಇಲ್ಲದೆಯೇ, ಯಾರು ಬೇಕಾದರೂ, ಹೇಗೆ ಬೇಕಾದರೂ ಬರೆದು ಕಳಿಸಬಹುದು.

ಈ ಪಠ್ಯ ಮೊದಲು ಮುಟ್ಟುವುದು ಎನ್‌ಜಿನ್‌ಎಕ್ಸ್‌ನಂಥ ಒಂದು ವೆಬ್ ಸರ್ವರನ್ನು. ಅದು ಗೂಢಲಿಪೀಕರಣವನ್ನು ಬಿಡಿಸಿ, ಚಿತ್ರಗಳಂಥ ಸ್ಥಿರ ಕಡತಗಳನ್ನು ತಾನೇ ಕೊಟ್ಟು, ಉಳಿದ ಕೋರಿಕೆಗಳನ್ನು ನಮ್ಮ ಪ್ರೋಗ್ರಾಮನ್ನು ಓಡಿಸುವ ಒಳಗಿನ ಅಪ್ಲಿಕೇಶನ್ ಸರ್ವರ್‌ಗೆ ದಾಟಿಸುತ್ತದೆ. ಸರ್ವರ್ ಮತ್ತು ಫ್ರೇಮ್‌ವರ್ಕಿನ ನಡುವೆ ಒಂದು ಒಪ್ಪಂದ ಇರುತ್ತದೆ. ಪೈಥಾನಿನಲ್ಲಿ ಇದು 2003ರಲ್ಲಿ ರೂಪಿಸಿದ ಡಬ್ಲ್ಯುಎಸ್‌ಜಿಐ, ರೂಬಿಯಲ್ಲಿ ರ‍್ಯಾಕ್, ಜಾವಾದಲ್ಲಿ ಸರ್ವ್‌ಲೆಟ್. ಈ ಒಪ್ಪಂದದ ಪ್ರಕಾರ ಬಂದ ಕಚ್ಚಾ ಸಾಲುಗಳನ್ನು ಫ್ರೇಮ್‌ವರ್ಕ್ ಒಂದು ರಿಕ್ವೆಸ್ಟ್ ಆಬ್ಜೆಕ್ಟ್ ಆಗಿ ಕಟ್ಟುತ್ತದೆ. ಇಲ್ಲಿಂದ ಮುಂದೆ ಎಲ್ಲರೂ ಕೈಬದಲಾಯಿಸುವುದು ಈ ಒಂದು ವಸ್ತುವನ್ನೇ. ಉತ್ತರ ಹೋದೊಡನೆ ಅದೂ ಇಲ್ಲವಾಗುತ್ತದೆ.

ಅಪ್ಲಿಕೇಶನ್ ಸರ್ವರ್ ಸಾಮಾನ್ಯವಾಗಿ ಒಂದೇ ಪ್ರೊಸೆಸ್ ಆಗಿರದೆ, ತಂತಮ್ಮ ಮೆಮೊರಿಯನ್ನು ಪ್ರತ್ಯೇಕವಾಗಿ ಇಟ್ಟುಕೊಂಡ ಹಲವು ವರ್ಕರ್‌ಗಳಾಗಿ ಓಡುತ್ತಿರುತ್ತದೆ. ಪ್ರೊಸೆಸರ್ ಕೋರ್‌ಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿ ಒಂದು ಸೇರಿಸಿ ಎಂಬುದು ಗುನಿಕಾರ್ನ್ ಎಂಬ ಪೈಥಾನ್ ಅಪ್ಲಿಕೇಶನ್ ಸರ್ವರ್ ಕೊಡುವ ಆರಂಭದ ಸಲಹೆ. ಒಬ್ಬರೇ ಸದಸ್ಯರ ಎರಡು ಕೋರಿಕೆಗಳು ಎರಡು ಬೇರೆ ವರ್ಕರ್‌ಗಳಿಗೆ ಹೋಗಬಹುದು. ಹೊಸದಾಗಿ ಕಲಿಯುವವರು ಲಾಗಿನ್ ಆದವರ ಹೆಸರನ್ನು ಪ್ರೋಗ್ರಾಮಿನ ಎಲ್ಲ ಭಾಗಕ್ಕೂ ಕಾಣುವ ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟುಬಿಡುವುದುಂಟು. ಸ್ವಂತ ಕಂಪ್ಯೂಟರಿನಲ್ಲಿ ಒಬ್ಬರೇ ಪರೀಕ್ಷಿಸುವಾಗ ಅದು ಚೆನ್ನಾಗಿಯೇ ನಡೆಯುತ್ತದೆ. ನಿಜವಾದ ಸರ್ವರ್‌ಗೆ ಏರಿಸಿದ ದಿನ ಹೆಸರು ಒಮ್ಮೆ ಕಾಣಿಸಿ ಒಮ್ಮೆ ಮಾಯವಾಗುತ್ತದೆ, ಇಲ್ಲವೇ ಒಬ್ಬರ ಪುಟದಲ್ಲಿ ಇನ್ನೊಬ್ಬರ ಹೆಸರು ಕಾಣಿಸುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಬಹಳ ಕೆಟ್ಟದ್ದು.

ರಿಕ್ವೆಸ್ಟ್ ಆಬ್ಜೆಕ್ಟ್ ನೇರವಾಗಿ ನಮ್ಮ ಕೋಡಿಗೆ ಬರುವುದಿಲ್ಲ. ಮಿಡ್ಲ್‌ವೇರ್ ಎಂಬ ಪದರಗಳನ್ನು ದಾಟಿ ಬರುತ್ತದೆ, ಉತ್ತರವು ಅದೇ ಪದರಗಳನ್ನು ತಲೆಕೆಳಗಾದ ಕ್ರಮದಲ್ಲಿ ದಾಟಿ ಹೊರಹೋಗುತ್ತದೆ. ಜಾಂಗೊದ ಹೊಸ ಯೋಜನೆಯಲ್ಲಿ ಭದ್ರತೆ, ಸೆಷನ್ (ಒಬ್ಬರ ಕೋರಿಕೆಗಳ ನಡುವೆ ಉಳಿಯುವ ನೆನಪು), ಸಾಮಾನ್ಯ ಶುದ್ಧೀಕರಣ, ಸಿಎಸ್‌ಆರ್‌ಎಫ್ (ಬೇರೆ ತಾಣದಿಂದ ಬರುವ ವಂಚನೆಯ ಕೋರಿಕೆ) ತಪಾಸಣೆ, ಬಳಕೆದಾರರ ಗುರುತು, ಸೂಚನೆಗಳು ಮತ್ತು ಪುಟವನ್ನು ಬೇರೆ ತಾಣದ ಚೌಕಟ್ಟಿನೊಳಗೆ ತೋರಿಸದಂತೆ ತಡೆಯುವ ಪದರ, ಈ ಕ್ರಮದಲ್ಲಿ ಇರುತ್ತವೆ. ಕ್ರಮ ಹೀಗೇ ಇರುವುದಕ್ಕೆ ಕಾರಣವಿದೆ. ಬಳಕೆದಾರರು ಯಾರೆಂದು ಹೇಳುವ ಪದರ ತನ್ನ ಉತ್ತರವನ್ನು ಸೆಷನ್‌ನಿಂದಲೇ ತೆಗೆಯುವುದರಿಂದ ಸೆಷನ್ ಅದಕ್ಕಿಂತ ಮೊದಲು ಇರಲೇಬೇಕು. ಅದಲುಬದಲು ಮಾಡಿದರೆ ಜಾಂಗೊ ದೋಷಸಂದೇಶ ಕೊಟ್ಟು ನಿಲ್ಲುತ್ತದೆ. ಯಾವ ಪದರವಾದರೂ ಕೋರಿಕೆಯನ್ನು ಅಲ್ಲಿಯೇ ತಡೆದು ತಾನೇ ಉತ್ತರ ಕೊಡಬಹುದು, ಆಗ ಒಳಗಿನವರಿಗೆ ಕೋರಿಕೆ ಬಂದದ್ದೇ ಗೊತ್ತಾಗುವುದಿಲ್ಲ.

ಪದರಗಳೆಲ್ಲ ಮುಗಿದ ಮೇಲೆ ಮಾರ್ಗವನ್ನು ಕೋಡಿಗೆ ಹೊಂದಿಸುವ ರೂಟಿಂಗ್. ವಿನ್ಯಾಸಗಳ ಪಟ್ಟಿಯನ್ನು ಮೇಲಿನಿಂದ ಓದುತ್ತ ಹೋಗಿ ಮೊದಲು ಹೊಂದುವುದನ್ನು ಆರಿಸುವುದು ಇದರ ನಿಯಮ. 815 ಎಂಬ ಭಾಗವನ್ನು ಬೇರ್ಪಡಿಸಿ, ಅದು ಪೂರ್ಣಾಂಕವೇ ಎಂದು ನೋಡಿ, ಆ ಕ್ರಿಯೆಗೆ ನಿಗದಿಯಾದ ಫಂಕ್ಷನ್‌ಗೆ ಕೊಡುತ್ತದೆ. ಯಾವುದೂ ಹೊಂದದಿದ್ದರೆ, ಸಿಗಲಿಲ್ಲ ಎನ್ನುವ ಸ್ಥಿತಿಸಂಖ್ಯೆ 404. ಮಾರ್ಗ ಹೊಂದಿದರೂ ಆ ವಿಧಾನಕ್ಕೆ ಅನುಮತಿ ಇಲ್ಲದಿದ್ದರೆ 405.

ಸೆಷನ್: ಮರೆಯುವ ವ್ಯವಸ್ಥೆಗೆ ನೆನಪನ್ನು ಜೋಡಿಸುವುದು

ನೆನಪಿಲ್ಲದ ಎಚ್‌ಟಿಟಿಪಿಗೆ ನೆನಪನ್ನು ಜೋಡಿಸುವ ಉಪಾಯ 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಅವರಿಂದ ಬಂತು. ಅಂಗಡಿ ತಾಣದಲ್ಲಿ ಗ್ರಾಹಕರು ಆರಿಸಿದ ವಸ್ತುಗಳ ಪಟ್ಟಿಯನ್ನು ಪುಟದಿಂದ ಪುಟಕ್ಕೆ ಉಳಿಸಿಕೊಳ್ಳುವುದು ಅಂದಿನ ತುರ್ತು. ಅವರು ಸೂಚಿಸಿದ ಕುಕಿಯ ಕ್ರಮ ಸರಳ: ಸರ್ವರ್ ತನ್ನ ಉತ್ತರದಲ್ಲಿ ಒಂದು ಹೆಸರು ಮತ್ತು ಅದಕ್ಕೆ ಸೇರಿದ ಮೌಲ್ಯವನ್ನು ಕಳಿಸುತ್ತದೆ, ಬ್ರೌಸರ್ ಅದನ್ನು ಇಟ್ಟುಕೊಂಡು ಅದೇ ತಾಣಕ್ಕೆ ಹೋಗುವ ಮುಂದಿನ ಪ್ರತಿ ಕೋರಿಕೆಯಲ್ಲೂ ಹಿಂದಕ್ಕೆ ಒಪ್ಪಿಸುತ್ತದೆ. ಸೆಷನ್ ಎಂಬ ಇಡೀ ಕಟ್ಟಡ ನಿಂತಿರುವುದು ಇದರ ಮೇಲೆ.

ಸದಸ್ಯರು ಸರಿಯಾದ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆದಾಗ ಜಾಂಗೊ 32 ಅಕ್ಷರಗಳ ಒಂದು ಯಾದೃಚ್ಛಿಕ ಕೀಯನ್ನು ಹುಟ್ಟಿಸುತ್ತದೆ. ಪ್ರತಿ ಸ್ಥಾನದಲ್ಲಿ 26 ಅಕ್ಷರ ಮತ್ತು 10 ಅಂಕಿಗಳಲ್ಲಿ ಯಾವುದಾದರೂ ಬರಬಹುದಾದ್ದರಿಂದ ಅದನ್ನು ಊಹಿಸಿ ಹಿಡಿಯುವುದು ಆಗದ ಮಾತು. ಡೇಟಾಬೇಸಿನ ಸೆಷನ್ ಕೋಷ್ಟಕದಲ್ಲಿ ಒಂದು ಸಾಲು ಸೇರುತ್ತದೆ, ಅದರಲ್ಲಿ ಈ ಕೀ, ಬಳಕೆದಾರರ ಸಂಖ್ಯೆ ಮುಂತಾದ ದತ್ತಾಂಶ, ಮತ್ತು ಮುಕ್ತಾಯದ ದಿನಾಂಕ ಇರುತ್ತವೆ. ಕುಕಿಯಲ್ಲಿ ಹೋಗುವುದು ಕೀ ಮಾತ್ರ. ಸಾಮಾನು ಕೊಠಡಿಯಲ್ಲಿ ಚೀಲ ಒಪ್ಪಿಸಿದವರಿಗೆ ಕೊಡುವ ಬಿಲ್ಲೆಯ ಹಾಗೆ, ಕೀಗೆ ತನ್ನದೇ ಆದ ಅರ್ಥವೇನೂ ಇಲ್ಲ. ಅದನ್ನು ತಂದುಕೊಟ್ಟವರಿಗೆ ಒಳಗಿರುವುದು ಸಿಗುತ್ತದೆ, ಅಷ್ಟೇ. ಮುಂದಿನ ಕೋರಿಕೆಯಲ್ಲಿ ಕೀ ಬಂದಾಗ ಸೆಷನ್ ಪದರ ಅದನ್ನು ರಿಕ್ವೆಸ್ಟ್‌ಗೆ ಅಂಟಿಸುತ್ತದೆಯೇ ಹೊರತು ಕೂಡಲೇ ಡೇಟಾಬೇಸನ್ನು ಕೇಳುವುದಿಲ್ಲ. ಯಾವುದಾದರೂ ಕೋಡ್ ಸೆಷನ್ನಿನೊಳಗೆ ಕೈಹಾಕಿದಾಗ ಮಾತ್ರ ಸಾಲನ್ನು ಓದುತ್ತದೆ. ಲಾಗಿನ್ ಬೇಕಿಲ್ಲದ ಪುಟಗಳಿಗೆ ಈ ಸೋಮಾರಿತನ ದೊಡ್ಡ ಉಳಿತಾಯ.

ಹೊರಹೋಗುವ ದಾರಿಯಲ್ಲಿ ಅದೇ ಪದರ ಸೆಷನ್ ಬದಲಾಗಿದೆಯೇ ಎಂದು ನೋಡಿ, ಬದಲಾಗಿದ್ದರೆ ಮಾತ್ರ ಉಳಿಸುತ್ತದೆ. ಬಹಳ ಜನರನ್ನು ಕಾಡುವ ಒಂದು ತೊಡಕು ಇಲ್ಲಿದೆ. ಸೆಷನ್ನಿಗೆ ‘ಬುಟ್ಟಿ’ ಎಂಬ ಹೆಸರಿನಲ್ಲಿ ಹೊಸ ಪಟ್ಟಿಯನ್ನು ಕೊಟ್ಟರೆ ಜಾಂಗೊಗೆ ಬದಲಾವಣೆ ತಿಳಿಯುತ್ತದೆ. ಆದರೆ ಈಗಾಗಲೇ ಒಳಗಿರುವ ಬುಟ್ಟಿಗೆ ಒಂದು ಪುಸ್ತಕವನ್ನು ಸೇರಿಸಿದರೆ ಬದಲಾದದ್ದು ಬುಟ್ಟಿ. ಅದನ್ನು ಹೊತ್ತ ಸೆಷನ್ ತಾನು ಮೊದಲಿನಂತೆಯೇ ಇದ್ದೇನೆ ಎಂದುಕೊಳ್ಳುತ್ತದೆ, ಏನೂ ಉಳಿಯುವುದಿಲ್ಲ. ದೋಷಸಂದೇಶವೂ ಬರುವುದಿಲ್ಲ. ಮುಂದಿನ ಪುಟದಲ್ಲಿ ಪುಸ್ತಕ ಮಾತ್ರ ಇರುವುದಿಲ್ಲ. ಇಂಥ ಕಡೆ ಸೆಷನ್ ಬದಲಾಗಿದೆ ಎಂದು ಕೋಡಿನಲ್ಲಿಯೇ ಗುರುತು ಹಾಕಬೇಕು. ಸರ್ವರ್ ದೋಷದಿಂದ 500 ಉತ್ತರ ಹೋಗುವಾಗಲೂ ಜಾಂಗೊ ಸೆಷನ್ನನ್ನು ಉಳಿಸುವುದಿಲ್ಲ; ಅರ್ಧಕ್ಕೆ ನಿಂತ ಕೆಲಸದ ಗುರುತು ಉಳಿಯಬಾರದೆಂಬುದು ಒಪ್ಪತಕ್ಕ ನಿಲುವೇ.

ದತ್ತಾಂಶವನ್ನು ಡೇಟಾಬೇಸಿನಲ್ಲಿಯೇ ಇಡಬೇಕೆಂದಿಲ್ಲ. ಪಿಎಚ್‌ಪಿ ರೂಢಿಯಂತೆ ಕಡತಗಳಲ್ಲಿ ಇಡುತ್ತದೆ. ಸರ್ವರ್‌ಗಳು ಹಲವಾದಾಗ ಎಲ್ಲಕ್ಕೂ ಎಟುಕುವಂತೆ ರೆಡಿಸ್‌ನಂಥ ಮೆಮೊರಿ ಸಂಗ್ರಹದಲ್ಲಿ ಇಡುವುದು ಸಾಮಾನ್ಯ. ಇನ್ನೊಂದು ಪಂಥ ದತ್ತಾಂಶವನ್ನೇ ಕುಕಿಯಲ್ಲಿ ತುಂಬಿ ಕಳಿಸುತ್ತದೆ. ಫ್ಲಾಸ್ಕ್ ಅದಕ್ಕೆ ಸಹಿ ಹಾಕುತ್ತದೆ, ಅಂದರೆ ಯಾರು ಬೇಕಾದರೂ ಓದಬಹುದು ಆದರೆ ತಿದ್ದಿದರೆ ಸಿಕ್ಕಿಬೀಳುತ್ತಾರೆ. ರೈಲ್ಸ್ 4ನೆಯ ಆವೃತ್ತಿಯಿಂದ ಗೂಢಲಿಪಿಯಲ್ಲಿಯೇ ಕಳಿಸುತ್ತದೆ. ಸರ್ವರ್‌ನಲ್ಲಿ ಏನೂ ಇಡಬೇಕಿಲ್ಲ ಎಂಬುದು ಇದರ ಅನುಕೂಲ. ಸುಮಾರು 4,096 ಬೈಟುಗಳ ಮಿತಿ ಒಂದು ಅಡಚಣೆ, ಆದರೆ ಅಸಲಿ ತೊಂದರೆ ಬೇರೆ: ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಆಗುವುದಿಲ್ಲ. ಲಾಗ್‌ಔಟ್ ಮಾಡಿದಾಗ ಸರ್ವರ್ ಬ್ರೌಸರಿಗೆ ಕುಕಿಯನ್ನು ಅಳಿಸು ಎನ್ನುತ್ತದೆ. ಅದರ ಪ್ರತಿಯೊಂದನ್ನು ಮೊದಲೇ ಯಾರಾದರೂ ಕದ್ದಿಟ್ಟುಕೊಂಡಿದ್ದರೆ ಅದು ಅವಧಿ ಮುಗಿಯುವವರೆಗೂ ಸಿಂಧು. 2015ರಲ್ಲಿ ಪ್ರಮಾಣೀಕೃತವಾದ ಜೆಡಬ್ಲ್ಯುಟಿ ಎಂಬ, ದತ್ತಾಂಶವನ್ನು ತಮ್ಮೊಳಗೇ ಹೊತ್ತ ಟೋಕನ್ನುಗಳಿಗೂ ಇದೇ ತೊಡಕು. ರದ್ದಾದ ಟೋಕನ್ನುಗಳ ಪಟ್ಟಿಯನ್ನು ಸರ್ವರ್‌ನಲ್ಲಿ ಇಡಲು ಹೊರಟರೆ ಸೆಷನ್ ಕೋಷ್ಟಕವೇ ಬೇರೆ ಹೆಸರಿನಲ್ಲಿ ಮರಳಿ ಬಂದಂತಾಗುತ್ತದೆ. ಸಾಧಾರಣ ಜಾಲತಾಣಕ್ಕೆ ಸರ್ವರ್‌ನಲ್ಲಿರುವ ಸೆಷನ್ನೇ ಲೇಸು ಎಂಬುದು ನನ್ನ ಅಭಿಪ್ರಾಯ.

ಕೀ ತಂದವರೇ ಸದಸ್ಯರು ಎಂದ ಮೇಲೆ ಕೀ ಕದ್ದವರೂ ಸದಸ್ಯರೇ ಆಗಿಬಿಡುತ್ತಾರೆ. 2010ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಫೈರ್‌ಶೀಪ್ ಎಂಬ ಫೈರ್‌ಫಾಕ್ಸ್ ವಿಸ್ತರಣೆ ಇದನ್ನು ಜಗತ್ತಿಗೆ ಕಣ್ಣಾರೆ ತೋರಿಸಿತು. ತೆರೆದ ವೈಫೈ ಜಾಲದಲ್ಲಿ ಹರಿದಾಡುವ ಕುಕಿಗಳನ್ನು ಹೆಕ್ಕಿ, ಅಕ್ಕಪಕ್ಕ ಕುಳಿತವರ ಖಾತೆಗಳನ್ನು ಒಂದು ಕ್ಲಿಕ್ಕಿನಲ್ಲಿ ತೆರೆಯಲು ಅದರಿಂದ ಸಾಧ್ಯವಿತ್ತು. ಆಗ ಬಹುಪಾಲು ತಾಣಗಳು ಲಾಗಿನ್ ಪುಟವನ್ನು ಮಾತ್ರ ಗೂಢಲಿಪೀಕರಿಸಿ, ಉಳಿದ ಪುಟಗಳಲ್ಲಿ ಕುಕಿಯನ್ನು ಬಯಲಲ್ಲೇ ಕಳಿಸುತ್ತಿದ್ದವು. ಕುಕಿಗೆ ಸೆಕ್ಯೂರ್ ಎಂಬ ಗುರುತು ಹಾಕಿದರೆ ಬ್ರೌಸರ್ ಅದನ್ನು ಎಚ್‌ಟಿಟಿಪಿಎಸ್ ಎಂಬ ಗೂಢಲಿಪೀಕರಿಸಿದ ಸಂಪರ್ಕದಲ್ಲಿ ಮಾತ್ರ ಕಳಿಸುತ್ತದೆ. ಎಚ್‌ಟಿಟಿಪಿ-ಓನ್ಲಿ ಎಂಬ ಗುರುತು ಹಾಕಿದರೆ ಪುಟದಲ್ಲಿ ನುಸುಳಿದ ಜಾವಾಸ್ಕ್ರಿಪ್ಟಿಗೆ ಅದು ಕಾಣುವುದಿಲ್ಲ. ಜಾಂಗೊದಲ್ಲಿ ಸೆಷನ್ ಕುಕಿಗೆ ಎರಡನೆಯದು ತಾನಾಗಿಯೇ ಬರುತ್ತದೆ, ಮೊದಲನೆಯದನ್ನು ನಾವೇ ಸೆಟ್ಟಿಂಗ್ಸ್‌ನಲ್ಲಿ ಹೇಳಬೇಕು. ಇದರ ತಿರುಗುಮುರುಗಾದ ದಾಳಿಯೂ ಒಂದಿದೆ: ಕೀ ಕದಿಯುವ ಬದಲು, ತನಗೆ ಗೊತ್ತಿರುವ ಕೀಯನ್ನು ಬೇರೆಯವರ ಬ್ರೌಸರಿಗೆ ಅಂಟಿಸಿ ಅವರು ಲಾಗಿನ್ ಆಗುವುದನ್ನು ಕಾಯುವುದು. ಅದಕ್ಕಾಗಿಯೇ ಲಾಗಿನ್ ಆದೊಡನೆ ಫ್ರೇಮ್‌ವರ್ಕ್‌ಗಳು ಹಳೆಯ ಕೀಯನ್ನು ಎಸೆದು ಹೊಸದನ್ನು ಕೊಡುತ್ತವೆ.

ಬಳಕೆದಾರರ ಕ್ರಿಯೆ

ಓದುವುದಕ್ಕೆ ಗೆಟ್, ಬದಲಾಯಿಸುವುದಕ್ಕೆ ಪೋಸ್ಟ್ ಎಂಬ ವಿಂಗಡಣೆಯನ್ನು ಶಿಷ್ಟಾಚಾರವೆಂದು ಕಡೆಗಣಿಸಿದವರು 2005ರಲ್ಲಿ ಪಾಠ ಕಲಿತರು. ಆ ವರ್ಷ ಗೂಗಲ್ ಬಿಡುಗಡೆ ಮಾಡಿದ ವೆಬ್ ಆಕ್ಸೆಲರೇಟರ್ ಎಂಬ ಸಾಧನ, ಬಳಕೆದಾರರು ಮುಂದೆ ಒತ್ತಬಹುದಾದ ಕೊಂಡಿಗಳನ್ನು ಮುಂಚಿತವಾಗಿಯೇ ತರಿಸಿ ಇಡುತ್ತಿತ್ತು. ಗೆಟ್ ಎಂದರೆ ಓದು ಮಾತ್ರ, ಆದ್ದರಿಂದ ತರಿಸಿದರೆ ಹಾನಿಯಿಲ್ಲ ಎಂಬುದು ಅದರ ನಂಬಿಕೆ. ನಿಯಮದ ಪ್ರಕಾರ ಸರಿಯಾದ ನಂಬಿಕೆಯೇ. ಆದರೆ ‘ಅಳಿಸು’ ಎಂಬುದನ್ನು ಸಾದಾ ಕೊಂಡಿಯಾಗಿ ಇಟ್ಟಿದ್ದ ಅಪ್ಲಿಕೇಶನ್ನುಗಳಲ್ಲಿ ಈ ಸಾಧನ ಪುಟದ ಕೊಂಡಿಗಳನ್ನೆಲ್ಲ ತರಿಸುತ್ತ ಹೋದಂತೆ ಬಳಕೆದಾರರ ದತ್ತಾಂಶವೂ ಅಳಿದುಹೋಯಿತು. ನಮ್ಮ ಉದಾಹರಣೆಯಲ್ಲಿ ಅವಧಿ ವಿಸ್ತರಣೆ ಒಂದು ಬದಲಾವಣೆ, ಆದ್ದರಿಂದ ಅದು ಫಾರ್ಮಿನೊಳಗಿನ ಗುಂಡಿಯಾಗಿ, ಪೋಸ್ಟ್ ಆಗಿಯೇ ಬರಬೇಕು. ಎಚ್‌ಟಿಎಂಎಲ್ ಫಾರ್ಮಿಗೆ ಗೆಟ್ ಮತ್ತು ಪೋಸ್ಟ್ ಬಿಟ್ಟು ಬೇರೆ ವಿಧಾನ ತಿಳಿಯದು. ಡಿಲೀಟ್ ಮುಂತಾದವು ಬೇಕೆನಿಸಿದ ರೈಲ್ಸ್ ಒಂದು ಗುಪ್ತ ಫೀಲ್ಡಿನಲ್ಲಿ ವಿಧಾನದ ಹೆಸರನ್ನು ಬರೆದು ಒಳಗೆ ಬದಲಾಯಿಸಿಕೊಳ್ಳುತ್ತದೆ.

ಪೋಸ್ಟ್ ಆದ ಮಾತ್ರಕ್ಕೆ ಸದಸ್ಯರೇ ಕಳಿಸಿದರೆಂದು ಹೇಳಲಾಗದು. ಕುಕಿ ತಾಣಕ್ಕೆ ಅಂಟಿಕೊಂಡಿರುತ್ತದೆ, ಪುಟಕ್ಕಲ್ಲ. ಬೇರೊಂದು ತಾಣದ ಪುಟದಲ್ಲಿ ಅಡಗಿಸಿಟ್ಟ ಫಾರ್ಮ್ ಗ್ರಂಥಾಲಯದ ವಿಳಾಸಕ್ಕೆ ತಾನಾಗಿ ಪೋಸ್ಟ್ ಆದರೂ ಬ್ರೌಸರ್ ಕುಕಿಯನ್ನು ಜೊತೆಗೆ ಕಳಿಸಿಬಿಡುತ್ತಿತ್ತು, ಸರ್ವರ್‌ಗೆ ಅದು ಸದಸ್ಯರ ಕೋರಿಕೆಯಂತೆಯೇ ಕಾಣುತ್ತಿತ್ತು. ಸಿಎಸ್‌ಆರ್‌ಎಫ್ ಎಂದು ಕರೆಯುವ ಈ ವಂಚನೆಗೆ ಮದ್ದಾಗಿ ಬಂದದ್ದು ಗುಪ್ತ ಟೋಕನ್. ತಾನು ಕೊಡುವ ಪ್ರತಿ ಫಾರ್ಮಿನಲ್ಲೂ ಫ್ರೇಮ್‌ವರ್ಕ್ ಒಂದು ಟೋಕನ್ ಇಡುತ್ತದೆ, ಮರಳಿ ಬಂದಾಗ ತನ್ನಲ್ಲಿರುವುದರೊಂದಿಗೆ ತಾಳೆ ನೋಡುತ್ತದೆ. ಬೇರೆ ತಾಣದ ಪುಟಕ್ಕೆ ಗ್ರಂಥಾಲಯದ ಪುಟವನ್ನು ಓದುವ ಅವಕಾಶವನ್ನು ಬ್ರೌಸರ್ ಕೊಡದಿರುವುದರಿಂದ ಟೋಕನ್ ಅದಕ್ಕೆ ಸಿಗದು. ತಾಳೆಯಾಗದಿದ್ದರೆ ಜಾಂಗೊ ಅನುಮತಿ ಇಲ್ಲವೆಂದು 403 ಕೊಡುತ್ತದೆ, ಲಾರಾವೆಲ್ ತನ್ನದೇ ಆದ 419 ಎಂಬ ಸಂಖ್ಯೆಯೊಡನೆ ಪುಟದ ಅವಧಿ ಮುಗಿದಿದೆ ಎನ್ನುತ್ತದೆ. ಫಾರ್ಮನ್ನು ತೆರೆದಿಟ್ಟು ಬಹಳ ಹೊತ್ತಿನ ನಂತರ ಕಳಿಸಿದಾಗ ಬರುವ ಆ ಸಂದೇಶಕ್ಕೆ ಕಾರಣ ಇದೇ. ಕುಕಿಯಲ್ಲಿಯೇ ಸೇಮ್‌ಸೈಟ್ ಎಂಬ ಗುರುತಿನಿಂದ ಬೇರೆ ತಾಣಗಳ ಪೋಸ್ಟ್‌ಗಳಿಗೆ ಕುಕಿ ಹೋಗದಂತೆ ಮಾಡುವ ಏರ್ಪಾಡೂ ಬಂದಿದೆ. ಗುರುತಿಲ್ಲದ ಕುಕಿಗಳಿಗೂ ಅದನ್ನೇ ಅನ್ವಯಿಸುವ ಕ್ರಮವನ್ನು ಕ್ರೋಮ್ 2020ರಲ್ಲಿ ಆರಂಭಿಸಿತು. ಹಾಗೆಂದು ಟೋಕನ್ನನ್ನು ಕೈಬಿಡುವುದು ಅವಸರ.

ಇಷ್ಟಾದ ಮೇಲೆ ಕೋರಿಕೆ ಸದಸ್ಯರದೇ ಎಂದು ಒಪ್ಪಬಹುದು. ಅದರೊಳಗೆ ಬರೆದಿರುವುದನ್ನು ಇನ್ನೂ ಒಪ್ಪುವಂತಿಲ್ಲ. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಮಾಡುವ ತಪಾಸಣೆ ಬಳಕೆದಾರರ ಅನುಕೂಲಕ್ಕಷ್ಟೇ. ಅದನ್ನು ಬದಿಗೊತ್ತಿ ಕಳಿಸುವುದು ಸುಲಭವಾದ್ದರಿಂದ ದಿನಾಂಕ ದಿನಾಂಕವೇ ಹೌದೇ, ಸಂಖ್ಯೆ ಮಿತಿಯೊಳಗಿದೆಯೇ ಎಂಬುದನ್ನು ಸರ್ವರ್ ಮತ್ತೆ ನೋಡಬೇಕು. ಫಾರ್ಮಿನಲ್ಲಿ ಇಲ್ಲದ ಫೀಲ್ಡುಗಳೂ ಬರಬಹುದು ಎಂಬುದನ್ನು ಎಷ್ಟೋ ಜನ ಮರೆಯುತ್ತಾರೆ. ಬಂದ ಫೀಲ್ಡುಗಳನ್ನೆಲ್ಲ ಒಟ್ಟಾಗಿ ಡೇಟಾಬೇಸಿನ ಸಾಲಿಗೆ ತುಂಬುವ ಸೌಕರ್ಯ ಆಗಿನ ರೈಲ್ಸ್‌ನಲ್ಲಿತ್ತು. 2012ರ ಮಾರ್ಚ್‌ನಲ್ಲಿ ರೈಲ್ಸ್‌ನಲ್ಲಿಯೇ ಕಟ್ಟಿದ್ದ, ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಒಬ್ಬ ಬಳಕೆದಾರ ಹೀಗೆ ಹೆಚ್ಚುವರಿ ಫೀಲ್ಡೊಂದನ್ನು ಸೇರಿಸಿ ಕಳಿಸಿ, ಪ್ರವೇಶಕ್ಕೆ ಬಳಸುವ ತನ್ನ ಸಾರ್ವಜನಿಕ ಕೀಯನ್ನು ರೈಲ್ಸ್ ಯೋಜನೆಯ ಖಾತೆಗೇ ಜೋಡಿಸಿ ತೋರಿಸಿದ. ಮರುವರ್ಷ ಬಂದ ರೈಲ್ಸ್ 4ರಲ್ಲಿ, ಯಾವ ಫೀಲ್ಡುಗಳಿಗೆ ಅನುಮತಿ ಇದೆಯೆಂದು ಹೆಸರು ಹಿಡಿದು ಹೇಳದೆ ಹೀಗೆ ತುಂಬುವಂತಿಲ್ಲ ಎಂಬ ಕಟ್ಟುಪಾಡು ಬಂತು.

ಇನ್ನೊಂದು ತಪಾಸಣೆಯನ್ನು ಫ್ರೇಮ್‌ವರ್ಕ್ ನಮಗಾಗಿ ಮಾಡಲಾರದು. ಮಾರ್ಗದಲ್ಲಿರುವ 815 ಒಂದು ಹೇಳಿಕೆ. ಅದನ್ನು 816 ಎಂದು ತಿದ್ದಿ ಕಳಿಸಿದರೆ ಸೆಷನ್ ಸರಿಯಿರುತ್ತದೆ, ಟೋಕನ್ ಸರಿಯಿರುತ್ತದೆ, 816 ಎಂಬ ಎರವಲೂ ಇರುತ್ತದೆ. ಆದರೆ ಅದು ಬೇರೊಬ್ಬ ಸದಸ್ಯರದ್ದು. ಲಾಗಿನ್ ಆಗಿದ್ದಾರೆಯೇ ಎಂದು ಕೇಳುವುದು ಒಂದು ಸಾಲಿನ ಕೆಲಸ, ಈ ದಾಖಲೆ ಇವರದೇ ಎಂದು ಕೇಳುವುದನ್ನು ನಾವೇ ಬರೆಯಬೇಕು. ಚೆನ್ನಾಗಿ ನಡೆಯುವ ರೂಢಿಯೆಂದರೆ, ಸಂಖ್ಯೆಯಿಂದ ಎರವಲನ್ನು ಹುಡುಕಿ ಆಮೇಲೆ ಒಡೆತನವನ್ನು ನೋಡುವ ಬದಲು, ಈ ಸದಸ್ಯರ ಎರವಲುಗಳಲ್ಲಿ 815 ಇದೆಯೇ ಎಂದೇ ಡೇಟಾಬೇಸನ್ನು ಕೇಳುವುದು. ಇಲ್ಲದಿದ್ದರೆ 404 ಹೋಗುತ್ತದೆ, ಅಂಥದೊಂದು ದಾಖಲೆ ಇದೆಯೆಂಬ ಸುಳಿವೂ ಹೊರಬೀಳುವುದಿಲ್ಲ. ವೆಬ್ ಭದ್ರತೆಗಾಗಿ ದುಡಿಯುವ ಓಡಬ್ಲ್ಯುಎಎಸ್‌ಪಿ ಸಂಸ್ಥೆಯ 2021ರ ಹತ್ತು ಮುಖ್ಯ ಅಪಾಯಗಳ ಪಟ್ಟಿಯಲ್ಲಿ ಪ್ರವೇಶ ನಿಯಂತ್ರಣದ ಈ ಬಗೆಯ ಲೋಪವೇ ಮೊದಲನೆಯದು.

ಈಗ ಅಸಲು ಕೆಲಸ: ಗಡುವನ್ನು 14 ದಿನ ಮುಂದೂಡುವುದು. ಸದಸ್ಯರು ಗುಂಡಿಯನ್ನು ಎರಡು ಸಲ ಒತ್ತಿದರೆ, ಅಥವಾ ಉತ್ತರ ಬರುವ ಮುನ್ನ ಜಾಲ ಕಡಿದು ಮತ್ತೆ ಕಳಿಸಿದರೆ, ಗಡುವು 28 ದಿನ ಮುಂದಕ್ಕೆ ಹೋಗಬಾರದು. ಫಾರ್ಮಿನಲ್ಲಿ ಇಟ್ಟಿದ್ದ ಹಳೆಯ ದಿನಾಂಕ ಇಲ್ಲಿ ಕೆಲಸಕ್ಕೆ ಬರುತ್ತದೆ. ‘ಈ ಎರವಲಿನ ಗಡುವು ಇನ್ನೂ ಆ ಹಳೆಯ ದಿನಾಂಕವೇ ಆಗಿದ್ದರೆ ಮಾತ್ರ ಹೊಸದನ್ನು ಬರೆ’ ಎಂದು ಡೇಟಾಬೇಸಿಗೆ ಒಂದೇ ಆಜ್ಞೆ ಕೊಟ್ಟರೆ, ಮೊದಲ ಕೋರಿಕೆಗೆ ಒಂದು ಸಾಲು ಬದಲಾಯಿತೆಂಬ ಉತ್ತರ, ಎರಡನೆಯದಕ್ಕೆ ಸೊನ್ನೆ ಸಾಲು ಎಂಬ ಉತ್ತರ ಬರುತ್ತದೆ. ಆ ದಿನಾಂಕವೂ ಬ್ರೌಸರಿನಿಂದ ಬಂದ ಹೇಳಿಕೆಯೇ. ಆದರೆ ಅದನ್ನು ತಾಳೆಗೆ ಮಾತ್ರ ಬಳಸಿ ಲೆಕ್ಕವನ್ನು ಸರ್ವರ್ ತನ್ನ ದಾಖಲೆಯಿಂದಲೇ ಮಾಡುವುದರಿಂದ ಸುಳ್ಳು ಹೇಳಿ ಗಿಟ್ಟಿಸಿಕೊಳ್ಳುವುದು ಏನೂ ಇಲ್ಲ.

ಬದಲಾವಣೆ ಆದ ಕೂಡಲೇ ಪುಟವನ್ನು ಕಳಿಸದೆ, ಎರವಲುಗಳ ಪಟ್ಟಿಗೆ ಹೋಗು ಎಂದು 302 ಅಥವಾ 303 ಸಂಖ್ಯೆಯ ಮರುನಿರ್ದೇಶನವನ್ನು ಕಳಿಸುವುದು ವಾಡಿಕೆ. ಬ್ರೌಸರ್ ಹೊಸದಾಗಿ ಒಂದು ಗೆಟ್ ಕಳಿಸಿ ಪಟ್ಟಿಯನ್ನು ತರಿಸಿಕೊಳ್ಳುತ್ತದೆ. ಪೋಸ್ಟ್‌ಗೆ ನೇರವಾಗಿ ಪುಟವನ್ನು ಕೊಟ್ಟಿದ್ದರೆ, ಸದಸ್ಯರು ಪುಟವನ್ನು ರಿಫ್ರೆಶ್ ಮಾಡಿದಾಗ ‘ಫಾರ್ಮನ್ನು ಮತ್ತೆ ಕಳಿಸಬೇಕೇ’ ಎಂದು ಬ್ರೌಸರ್ ಕೇಳುತ್ತಿತ್ತು. ಈ ಸುತ್ತುಹಾದಿಯಿಂದ ಒಂದು ಹೊಸ ಸಮಸ್ಯೆ ಹುಟ್ಟುತ್ತದೆ: ಪಟ್ಟಿಯ ಪುಟಕ್ಕೆ ಬರುವುದು ಬೇರೆಯದೇ ಕೋರಿಕೆ, ಹಿಂದೆ ಏನಾಯಿತೆಂಬುದು ಅದಕ್ಕೆ ತಿಳಿಯದು. ಹಾಗಾಗಿ ಸೂಚನೆಯ ಪಠ್ಯವನ್ನು ಸೆಷನ್ನಿನಲ್ಲೋ ಪುಟ್ಟ ಕುಕಿಯಲ್ಲೋ ಇಟ್ಟು, ಮುಂದಿನ ಪುಟದಲ್ಲಿ ಒಮ್ಮೆ ತೋರಿಸಿದೊಡನೆ ಅಳಿಸುತ್ತಾರೆ. ರೈಲ್ಸ್‌ನಲ್ಲಿ ಇದನ್ನು ಫ್ಲ್ಯಾಶ್ ಎನ್ನುತ್ತಾರೆ, ಜಾಂಗೊದಲ್ಲಿ ಮೆಸೇಜಸ್.

ಒಂದೇ ಸೆಷನ್ನಿನ ಎರಡು ಕೋರಿಕೆಗಳು ಏಕಕಾಲಕ್ಕೆ ಬಂದರೆ ಏನಾಗುತ್ತದೆ ಎಂಬುದು ಫ್ರೇಮ್‌ವರ್ಕಿನಿಂದ ಫ್ರೇಮ್‌ವರ್ಕಿಗೆ ಬದಲಾಗುತ್ತದೆ. ಪಿಎಚ್‌ಪಿಯ ಕಡತ ಸೆಷನ್ ಮೊದಲ ಕೋರಿಕೆ ಮುಗಿಯುವವರೆಗೆ ಕಡತಕ್ಕೆ ಬೀಗ ಹಾಕುತ್ತದೆ. ದತ್ತಾಂಶ ಸುರಕ್ಷಿತ, ಆದರೆ ಒಂದು ಟ್ಯಾಬಿನಲ್ಲಿ ದೊಡ್ಡ ವರದಿ ತಯಾರಾಗುತ್ತಿದ್ದರೆ ಅದೇ ಬಳಕೆದಾರರ ಇನ್ನೊಂದು ಟ್ಯಾಬ್ ಅಷ್ಟು ಹೊತ್ತೂ ಸ್ತಬ್ಧ. ಜಾಂಗೊ ಬೀಗ ಹಾಕುವುದಿಲ್ಲ; ಎರಡೂ ಕೋರಿಕೆಗಳು ಹಳೆಯ ಸೆಷನ್ನನ್ನು ಓದಿ, ತಂತಮ್ಮ ಬದಲಾವಣೆಯೊಡನೆ ಇಡಿಯಾಗಿ ಬರೆಯುತ್ತವೆ, ಕೊನೆಗೆ ಬರೆದದ್ದು ಉಳಿಯುತ್ತದೆ. ಕಳೆದುಹೋದರೆ ತೊಂದರೆಯಾಗುವ ಯಾವುದನ್ನೂ ಸೆಷನ್ನಿನಲ್ಲಿ ಇಡದೆ ಡೇಟಾಬೇಸಿನ ಸ್ವಂತ ಕೋಷ್ಟಕದಲ್ಲಿ, ಟ್ರಾನ್ಸಾಕ್ಷನ್ನಿನೊಳಗೆ (ಪೂರ್ತಿ ಆಗುವ ಇಲ್ಲವೇ ಏನೂ ಆಗದ ಒಂದು ಕಟ್ಟಾಗಿ) ಬರೆಯುವುದಕ್ಕೆ ಇದೊಂದೇ ಕಾರಣ ಸಾಕು.

ಸೆಷನ್ ಕೊನೆಯಾಗುವುದು ಲಾಗ್‌ಔಟ್‌ನಿಂದ, ಇಲ್ಲವೇ ಅವಧಿ ಮುಗಿದು. ಲಾಗ್‌ಔಟ್ ಮಾಡಿದಾಗ ಜಾಂಗೊ ಕೋಷ್ಟಕದ ಸಾಲನ್ನೇ ಅಳಿಸುವುದರಿಂದ ಕದ್ದ ಕೀ ಕೂಡ ನಿಷ್ಪ್ರಯೋಜಕವಾಗುತ್ತದೆ. ಪಾಸ್‌ವರ್ಡ್ ಬದಲಾಯಿಸಿದರೆ ಬೇರೆ ಸಾಧನಗಳಲ್ಲಿ ತೆರೆದಿರುವ ಸೆಷನ್ನುಗಳೂ ಒಪ್ಪಿತವಾಗುವುದಿಲ್ಲ, ಏಕೆಂದರೆ ಪ್ರತಿ ಸೆಷನ್ನಿನಲ್ಲೂ ಪಾಸ್‌ವರ್ಡಿನ ಹ್ಯಾಶ್‌ನಿಂದ (ಮೂಲ ತಿಳಿಯದಂತೆ ಮಾರ್ಪಡಿಸಿದ ರೂಪದಿಂದ) ಪಡೆದ ಒಂದು ಗುರುತು ಇದ್ದು, ಅದನ್ನು ಪ್ರತಿ ಕೋರಿಕೆಯಲ್ಲೂ ತಾಳೆ ನೋಡಲಾಗುತ್ತದೆ. ತಾನಾಗಿ ಮುಗಿಯುವ ಅವಧಿ ಜಾಂಗೊದಲ್ಲಿ ರೂಢಿಯಂತೆ ಎರಡು ವಾರ. ಪಿಎಚ್‌ಪಿಯಲ್ಲಿ 1,440 ಸೆಕೆಂಡು, ಅಂದರೆ 24 ನಿಮಿಷ ಬಳಸದೆ ಬಿಟ್ಟ ಸೆಷನ್ ಕಸವೆಂದು ಪರಿಗಣಿತವಾಗುತ್ತದೆ, ಆದರೆ ಕಸ ಗುಡಿಸುವುದು ರೂಢಿಯ ಸೆಟ್ಟಿಂಗ್‌ನಲ್ಲಿ ನೂರಕ್ಕೆ ಒಂದರ ಸಂಭವದಲ್ಲಿ, ಯಾರದೋ ಕೋರಿಕೆಯ ನಡುವೆ. ಜಾಂಗೊದ ಡೇಟಾಬೇಸ್ ಸೆಷನ್ನುಗಳಲ್ಲಿ ಅದೂ ಇಲ್ಲ: ಲಾಗ್‌ಔಟ್ ಮಾಡದೆ ಹೋದವರ ಸಾಲುಗಳು ಅವಧಿ ಮುಗಿದ ಮೇಲೂ ಕೋಷ್ಟಕದಲ್ಲಿ ಉಳಿದುಕೊಂಡು ಅದು ಬೆಳೆಯುತ್ತಲೇ ಹೋಗುತ್ತದೆ. ಕ್ಲಿಯರ್‌ಸೆಷನ್ಸ್ ಎಂಬ ಆಜ್ಞೆಯನ್ನು ದಿನಕ್ಕೊಮ್ಮೆ ಕ್ರಾನ್ ಎಂಬ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸಾಧನದ ಮೂಲಕ ಓಡಿಸುವ ಏರ್ಪಾಡನ್ನು ತಾಣವನ್ನು ನಡೆಸುವವರೇ ಮಾಡಿಕೊಳ್ಳಬೇಕು.